ಪಿಸಿಐ ಎಕ್ಸ್‌ಪ್ರೆಸ್ ಪ್ಯಾರಲಲ್ ಪೋರ್ಟ್ ಕಾರ್ಡ್: ತೋಟದ ಆಫೀಸಿನ ಕಂಪ್ಯೂಟರ್‌ಗೆ ಹಾಕಬಹುದೇ?

ಮೊದಲೇ ಹೇಳಿಬಿಡುತ್ತೇವೆ: ಕಾರ್ಡ್ ಚೆನ್ನಾಗಿದೆ, ಡಬ್ಬಿಯ ಮೇಲಿನ ಬರಹ ಚೆನ್ನಾಗಿಲ್ಲ. ಹಳೆಯ ಎಲ್‌ಪಿಟಿ ಪೋರ್ಟಿನ (ಕಂಪ್ಯೂಟರಿನ ಹಿಂದೆ ಪ್ರಿಂಟರ್ ಜೋಡಿಸಲು ಇರುತ್ತಿದ್ದ ಪ್ಯಾರಲಲ್ ಪೋರ್ಟ್) ಹಾಗೇ ಕೆಲಸ ಮಾಡುತ್ತದೆ ಎಂದು ಅಲ್ಲಿ ಅಚ್ಚಾಗಿರುವುದು ಪ್ರಿಂಟರ್ ಮಟ್ಟಿಗೆ ಮಾತ್ರ ನಿಜ. ಪೋರ್ಟಿನ ವಿಳಾಸಕ್ಕೆ ನೇರವಾಗಿ ಬೈಟ್ ಬರೆದು ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಎಳೆಯಬೇಕು, ಸ್ವಿಚ್ ಓದಬೇಕು ಅನ್ನುವವರು ಪ್ರೋಗ್ರಾಮಿನಲ್ಲಿ ಒಂದೆರಡು ಕಡೆ ಕೈಯಾಡಿಸಲೇಬೇಕು. ಅದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿದೆ. ಕಂಪ್ಯೂಟರ್ ಆನ್ ಆಗುವ ಹೊತ್ತಿನಲ್ಲಿ ಆ ರಿಲೇ ನಡೆಸುವ ಪಂಪು ತಾನಾಗಿ ಶುರುವಾಗದ ಹಾಗೆ ವೈರಿಂಗ್‌ನಲ್ಲೇ ತಡೆ ಹಾಕಬೇಕು. ಇವೆರಡಕ್ಕೂ ತಯಾರಿದ್ದರೆ ಸಾವಿರ ರೂಪಾಯಿ ಆಸುಪಾಸಿನ ಈ ಕಾರ್ಡಿಗೆ ಕೊಟ್ಟ ದುಡ್ಡು ದಂಡವಲ್ಲ.

ಕೊಡಗಿನಲ್ಲಿ ಇದು ಯಾರಿಗೆ ಬೇಕಾದೀತು ಅಂದರೆ, ರೈಟರ್ (ತೋಟದ ಗುಮಾಸ್ತ) ಚೆಕ್‌ರೋಲ್ (ಕೂಲಿಯವರ ಹಾಜರಿ ಪಟ್ಟಿ) ಬರೆಯುವ ಡೆಸ್ಕ್‌ಟಾಪ್ ಬೆಳಗ್ಗೆಯಿಂದ ಸಂಜೆವರೆಗೂ ಹೇಗೂ ಆನ್ ಇರುವ ತೋಟಗಳಿಗೆ. ಫೆಬ್ರುವರಿ-ಮಾರ್ಚ್‌ನಲ್ಲಿ ರೊಬಸ್ಟಾಗೆ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಪಂಪನ್ನು ಗಂಟೆ ಲೆಕ್ಕದಲ್ಲಿ ಓಡಿಸಬೇಕು, ಜೂನ್ ಆದಮೇಲೆ ಮಳೆಯನ್ನು ಇಂಚು-ಸೆಂಟಿನಲ್ಲಿ (ಸೆಂಟು ಅಂದರೆ ಇಂಚಿನ ನೂರನೇ ಒಂದು) ಬರೆದಿಡಬೇಕು. ಎರಡೂ ಕೆಲಸಕ್ಕೆ ಒಂದು ಪ್ಯಾರಲಲ್ ಪೋರ್ಟ್ ಧಾರಾಳ ಸಾಕು: 8 ಔಟ್‌ಪುಟ್, 5 ಇನ್‌ಪುಟ್, ಮೇಲೆ ಇನ್ನೂ 4 ಕಂಟ್ರೋಲ್ ಗೆರೆ.

ಡಬ್ಬಿಯಲ್ಲಿ ಬರುವುದು ಒಂದು ಎಕ್ಸ್1 (ಅತಿ ಗಿಡ್ಡ ಸ್ಲಾಟಿನ) ಕಾರ್ಡ್, ಒಂದು ಡ್ರೈವರ್ ಸಿಡಿ, ಕೆಲವರದ್ದರಲ್ಲಿ ಗಿಡ್ಡ ಬ್ರಾಕೆಟ್. ಸಿಡಿಯನ್ನು ಪಕ್ಕಕ್ಕಿಡಿ. ಗಿಡ್ಡ ಬ್ರಾಕೆಟ್ ಇದೆಯೇ ಎಂದು ಮಾತ್ರ ದುಡ್ಡು ಕೊಡುವ ಮುಂಚೆ ಕೇಳಿ. ಬ್ಯಾಂಕು, ಕಂಪನಿಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಸಣ್ಣ ಕ್ಯಾಬಿನೆಟ್ ಡೆಸ್ಕ್‌ಟಾಪ್‌ಗಳಿಗೆ ಉದ್ದ ಬ್ರಾಕೆಟ್ ಕೂರುವುದೇ ಇಲ್ಲ. ಎಕ್ಸ್1 ಸ್ಲಾಟ್ ಖಾಲಿ ಇಲ್ಲದಿದ್ದರೆ ಉದ್ದದ ಎಕ್ಸ್16 ಸ್ಲಾಟಿಗೂ ಹಾಕಬಹುದು, ಏನೂ ತೊಂದರೆಯಿಲ್ಲ.

ಬ್ರ್ಯಾಂಡ್ ಹೆಸರು ನೋಡಿ ಕಾರ್ಡ್ ಆರಿಸಬೇಡಿ, ನೋಡಬೇಕಾದ್ದು ನಡುವಿನ ಚಿಪ್. ಮಾರುಕಟ್ಟೆಯಲ್ಲಿ ಈಗ ಹೆಚ್ಚು ಸಿಗುವುದು ಡಬ್ಲ್ಯುಸಿಎಚ್ ಕಂಪನಿಯ ಸಿಎಚ್382ಎಲ್; ಏಸಿಕ್ಸ್‌ನ ಎಎಕ್ಸ್99100 ಕೂಡ ಸಿಗುತ್ತದೆ. ಹಳೆಯ ಸ್ಟಾಕಿನಲ್ಲಿ ಹೈದರಾಬಾದಿನ ಮಾಸ್‌ಚಿಪ್‌ನ ಎಂಸಿಎಸ್9900 ಇರುವ ಕಾರ್ಡ್ ಸಿಕ್ಕರೂ ಸಿಗಬಹುದು. ಇವುಗಳ ಗುಣ ಒಂದೇ: ಕಂಪ್ಯೂಟರಿನ ಐ/ಒ (ಇನ್‌ಪುಟ್-ಔಟ್‌ಪುಟ್) ವಿಳಾಸ ಪಟ್ಟಿಯಲ್ಲಿ ನಿಜವಾದ ಪೋರ್ಟ್ ತೆರೆಯುತ್ತವೆ, ಪ್ರೊಸೆಸರಿನ ಇನ್-ಔಟ್ ಆದೇಶ ನೇರವಾಗಿ ಅಲ್ಲಿಗೆ ತಲುಪುತ್ತದೆ. ಲಿನಕ್ಸ್‌ನ ಇತ್ತೀಚಿನ ಕರ್ನಲ್‌ಗಳು (ಆಪರೇಟಿಂಗ್ ಸಿಸ್ಟಮಿನ ತಿರುಳು) ಸಿಎಚ್382ಎಲ್ ಅನ್ನು ತಾವೇ ಗುರುತಿಸುತ್ತವೆ, ಬೇರೆ ಡ್ರೈವರ್ ಕಟ್ಟುವ ಕೆಲಸವಿಲ್ಲ.

ವಿಳಾಸದ ತಕರಾರು

ಕಾಲೇಜು ಲ್ಯಾಬಿನಲ್ಲಿ ಟರ್ಬೊ ಸಿ (ಡಾಸ್ ಕಾಲದ ಪ್ರೋಗ್ರಾಮಿಂಗ್ ಸಾಧನ) ಕಲಿತವರ ಬೆರಳಿಗೆ ಹೆಕ್ಸ್ (ಹದಿನಾರರ ಲೆಕ್ಕದ) 378 ಬಾಯಿಪಾಠ. ಮದರ್‌ಬೋರ್ಡಿನ ಮೊದಲ ಪ್ಯಾರಲಲ್ ಪೋರ್ಟ್ ಇರುತ್ತಿದ್ದದ್ದು ಅಲ್ಲೇ, ದಶಮಾಂಶದಲ್ಲಿ 888. ಅಲ್ಲಿ ಡೇಟಾ ಬರೆಯುವುದು; ಅದರ ಮುಂದಿನ 889 ಸ್ಟೇಟಸ್ (ಇನ್‌ಪುಟ್ ಓದುವ) ರಿಜಿಸ್ಟರ್, 890 ಕಂಟ್ರೋಲ್ ರಿಜಿಸ್ಟರ್. ಎರಡನೇ ಪೋರ್ಟ್ ಹೆಕ್ಸ್ 278. ಈ ಕಾರ್ಡಿನಲ್ಲಿ ಆ ವಿಳಾಸ ಸಿಗುವುದಿಲ್ಲ. ಪಿಸಿಐ ಕಾರ್ಡುಗಳಿಗೆ ವಿಳಾಸ ಹಂಚುವುದು ಬಯೋಸ್, ಅಂದರೆ ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಮದರ್‌ಬೋರ್ಡಿನ ಪ್ರೋಗ್ರಾಮ್. ವಿಳಾಸ ಏನು ಬೇಕಾದರೂ ಇರಬಹುದು. ಅದು ಹೆಕ್ಸ್ 3010 ಆಗಬಹುದು, 4000 ಆಗಬಹುದು. ಹಳೆಯ ಪ್ರೋಗ್ರಾಮನ್ನು ಹಾಗೇ ಓಡಿಸಿದರೆ ಯಾವ ದೋಷದ ಸೂಚನೆಯೂ ಬಾರದೆ, ಏನೂ ಆಗದೆ ಸುಮ್ಮನಿರುತ್ತದೆ. ಕಾರ್ಡ್ ಕೆಟ್ಟಿದೆ ಎಂದು ವಾಪಸ್ ಕಳಿಸುವವರಲ್ಲಿ ಅರ್ಧ ಮಂದಿಯದ್ದು ಇದೇ ಕಥೆ ಇರಬೇಕು.

ವಿಳಾಸ ಹುಡುಕುವುದು ಕಷ್ಟವಲ್ಲ. ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐ ಆದೇಶಕ್ಕೆ ವಿವರ ತೋರಿಸುವ ಆಯ್ಕೆ ಸೇರಿಸಿ ಓಡಿಸಿದರೆ ಕಾರ್ಡಿನ ಹೆಸರಿನ ಕೆಳಗೆ ಐ/ಒ ಪೋರ್ಟುಗಳ ಸಾಲು ಬರುತ್ತದೆ. ಒಂದಕ್ಕಿಂತ ಹೆಚ್ಚು ಸಾಲು ಇದ್ದರೆ ಗಾಬರಿ ಬೇಡ. ಹಳೆಯ ಪೋರ್ಟಿನಲ್ಲಿ ಇಸಿಪಿ (ವೇಗದ ವರ್ಗಾವಣೆ ವಿಧಾನದ) ರಿಜಿಸ್ಟರ್ ಮೂಲ ವಿಳಾಸಕ್ಕೆ ಹೆಕ್ಸ್ 400 ಕೂಡಿಸಿದ ಕಡೆ, ಅಂದರೆ 778ರಿಂದ, ಶುರುವಾಗುತ್ತಿತ್ತು. ಪಿಸಿಐ ಕಾರ್ಡುಗಳಲ್ಲಿ ಅದಕ್ಕೆ ಬೇರೆಯೇ ವಿಳಾಸ ತುಂಡು ಕೊಟ್ಟಿರುತ್ತಾರೆ. ಯಾವುದು ಯಾವುದು ಎಂದು ತಿಳಿಯಲು ಡಿಮೆಸೇಜ್ (ಕರ್ನಲ್ ಬರೆದಿಡುವ ಸಂದೇಶಗಳನ್ನು ತೋರಿಸುವ ಆದೇಶ) ನೋಡಿ: ಪಾರ್‌ಪೋರ್ಟ್0 ಎಂಬ ಸಾಲಿನಲ್ಲಿ ಮೊದಲು ಬರುವುದು ಡೇಟಾ ವಿಳಾಸ, ಕಂಸದೊಳಗಿರುವುದು ಇಸಿಪಿಯದು. ವಿಂಡೋಸ್‌ನಲ್ಲಾದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಪೋರ್ಟಿನ ಪ್ರಾಪರ್ಟೀಸ್ ತೆರೆದು ರಿಸೋರ್ಸಸ್ ಪುಟಕ್ಕೆ ಹೋಗಿ.

ಸಿಕ್ಕಿದ ವಿಳಾಸ ಸರಿಯೇ ಎಂದು ಪರೀಕ್ಷಿಸಲು ಪೋರ್ಟಿಗೆ ಏನನ್ನೂ ಜೋಡಿಸದೆ ಡೇಟಾ ವಿಳಾಸಕ್ಕೆ 85 ಬರೆದು ಮರಳಿ ಓದಿ, ಆಮೇಲೆ 170 ಬರೆದು ಓದಿ. ಬರೆದದ್ದೇ ಬಂದರೆ ಸರಿ. ಎರಡು ಸಲವೂ 255 ಬಂದರೆ ಆ ವಿಳಾಸದಲ್ಲಿ ಯಾರೂ ಇಲ್ಲ ಎಂದರ್ಥ, ಇಲ್ಲವೇ ಕಂಟ್ರೋಲ್ ರಿಜಿಸ್ಟರಿನಲ್ಲಿ 32ರ ಬಿಟ್ (ಬೆಲೆ 32 ಇರುವ ಬಿಟ್) ಏರಿದೆ. ಆ ಬಿಟ್ ಏರಿದರೆ ಡೇಟಾ ಗೆರೆಗಳು ಇನ್‌ಪುಟ್ ಆಗಿ ತಿರುಗುತ್ತವೆ, ನೀವು ಏನು ಬರೆದರೂ ಹೊರಗೆ ಬರುವುದಿಲ್ಲ.

ಸಿಕ್ಕ ವಿಳಾಸವನ್ನು ಪ್ರೋಗ್ರಾಮಿನಲ್ಲಿ ಕಾಯಂ ಆಗಿ ಬರೆದಿಡುವುದು ಬೇಡ. ಇನ್ನೊಂದು ಕಾರ್ಡ್ ಹಾಕಿದರೆ, ಬಯೋಸ್ ಅಪ್‌ಡೇಟ್ ಆದರೆ ಅದು ಬದಲಾಗುತ್ತದೆ. ಆಗ ನಿಮ್ಮ ಬೈಟ್ ಹೋಗಿ ಬೀಳುವ ಜಾಗ ಡಿಸ್ಕ್ ಕಂಟ್ರೋಲರಿನದ್ದಾಗಿದ್ದರೆ ಚೆಕ್‌ರೋಲ್ ಫೈಲು ಗೋವಿಂದ.

ಲಿನಕ್ಸ್‌ನಲ್ಲಿ ಎರಡು ದಾರಿ

ಮೊದಲ ದಾರಿ ಐಒಪರ್ಮ್, ಆಯ್ದ ಪೋರ್ಟುಗಳಿಗಷ್ಟೇ ಅನುಮತಿ ಕೊಡುವ ಕರೆ. ರೂಟ್ (ನಿರ್ವಾಹಕನ) ಅಧಿಕಾರದಲ್ಲಿ ಮೂಲ ವಿಳಾಸದಿಂದ 3 ಪೋರ್ಟುಗಳಿಗೆ ಅನುಮತಿ ಕೇಳಿ, ಆಮೇಲೆ ಔಟ್‌ಬಿಯಿಂದ ಬರೆಯಿರಿ, ಇನ್‌ಬಿಯಿಂದ ಓದಿ. 2.6.8ಕ್ಕಿಂತ ಹಳೆಯ ಕರ್ನಲ್‌ಗಳಲ್ಲಿ ಐಒಪರ್ಮ್ ಹೆಕ್ಸ್ 3ಎಫ್‌ಎಫ್ ದಾಟುತ್ತಿರಲಿಲ್ಲ. ಹಾಗಾಗಿ ಹಳೆಯ ಪಾಠಗಳೆಲ್ಲ ಪಿಸಿಐ ಕಾರ್ಡಿಗೆ ಐಒಪಿಎಲ್ 3 (ಎಲ್ಲ ಪೋರ್ಟುಗಳನ್ನೂ ಒಟ್ಟಿಗೆ ತೆರೆಯುವ ಕರೆ) ಬಳಸಿ ಎನ್ನುತ್ತವೆ. ಈಗ ಅದರ ಅಗತ್ಯ ಇಲ್ಲ, ಬಳಸಲೂ ಬಾರದು. ಕಾರಣ ಇಷ್ಟೇ: ಟರ್ಬೊ ಸಿಯ ಔಟ್‌ಪೋರ್ಟ್‌ಬಿಗೆ ಮೊದಲು ವಿಳಾಸ, ಆಮೇಲೆ ಬೆಲೆ. ಲಿನಕ್ಸ್‌ನ ಔಟ್‌ಬಿಗೆ ಮೊದಲು ಬೆಲೆ, ಆಮೇಲೆ ವಿಳಾಸ. ಹಳೆಯ ಅಭ್ಯಾಸದಲ್ಲಿ ತಿರುಗುಮುರುಗಾಗಿ ಬರೆದು 64 ಕಳಿಸಿದರೆ ಆ ಬೈಟ್ 64ನೇ ಪೋರ್ಟಿಗೆ, ಅಂದರೆ ಸಿಸ್ಟಮ್ ಟೈಮರಿಗೆ ಹೋಗುತ್ತದೆ. 112 ಕಳಿಸಿದರೆ ಸಿಮಾಸ್ ಗಡಿಯಾರದ ಬಾಗಿಲು. ಐಒಪರ್ಮ್‌ನಲ್ಲಿ ಮೂರೇ ಪೋರ್ಟಿಗೆ ಅನುಮತಿ ಇದ್ದರೆ ಇಂಥ ಕಡೆ ಪ್ರೋಗ್ರಾಮ್ ಸೆಗ್ಮೆಂಟೇಷನ್ ಫಾಲ್ಟ್ ಎಂದು ಬಿದ್ದು ನಿಮ್ಮನ್ನು ಉಳಿಸುತ್ತದೆ, ಐಒಪಿಎಲ್‌ನಲ್ಲಿ ತಡೆಯುವವರಿಲ್ಲ.

ಇನ್ನೊಂದು ಮುಳ್ಳು: ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಆನ್ ಇದ್ದರೆ ಉಬುಂಟು, ಫೆಡೋರಾದಂಥವು ಕರ್ನಲ್ ಲಾಕ್‌ಡೌನ್ (ರೂಟ್‌ಗೂ ಹಾರ್ಡ್‌ವೇರ್ ನೇರ ಮುಟ್ಟಲು ಬಿಡದ ಕಾವಲು) ಜಾರಿ ಮಾಡುತ್ತವೆ. ಆಗ ರೂಟ್ ಆಗಿದ್ದರೂ ಐಒಪರ್ಮ್‌ಗೆ ಆಪರೇಷನ್ ನಾಟ್ ಪರ್ಮಿಟೆಡ್ ಎಂಬ ಉತ್ತರವೇ. ಸುಡೊ ಹಾಕಿದ್ದೇನಲ್ಲ ಎಂದು ತಲೆ ಕೆರೆದುಕೊಳ್ಳುವ ಮೊದಲು ಡಿಮೆಸೇಜ್‌ನಲ್ಲಿ ಲಾಕ್‌ಡೌನ್ ಎಂಬ ಪದ ಇದೆಯೇ ನೋಡಿ.

ಎರಡನೇ ದಾರಿ ಪಿಪಿಡೆವ್ (ಕರ್ನಲ್ ಮೂಲಕವೇ ಪೋರ್ಟ್ ಮುಟ್ಟಿಸುವ ಡ್ರೈವರ್), ನಮ್ಮ ಮಟ್ಟಿಗೆ ಇದೇ ಸರಿಯಾದ ದಾರಿ. ಪಿಪಿಡೆವ್ ಮಾಡ್ಯೂಲ್ ಏರಿಸಿದರೆ ಡೆವ್ ಕೆಳಗೆ ಪಾರ್‌ಪೋರ್ಟ್0 ಎಂಬ ಫೈಲು ಸಿಗುತ್ತದೆ. ಬಳಕೆದಾರರನ್ನು ಎಲ್‌ಪಿ ಗುಂಪಿಗೆ ಸೇರಿಸಿ, ಫೈಲು ತೆರೆದು, ಪಿಪಿಕ್ಲೇಮ್ ಕರೆದು ಪೋರ್ಟ್ ವಶಕ್ಕೆ ತೆಗೆದುಕೊಂಡು, ಪಿಪಿಡಬ್ಲ್ಯುಡೇಟಾದಿಂದ ಬರೆಯಿರಿ, ಪಿಪಿಆರ್‌ಸ್ಟೇಟಸ್‌ನಿಂದ ಓದಿ. ವಿಳಾಸ ತಿಳಿದಿರಬೇಕಿಲ್ಲ, ರೂಟ್ ಬೇಕಿಲ್ಲ, ಲಾಕ್‌ಡೌನ್ ಇದ್ದರೂ ನಡೆಯುತ್ತದೆ. ಪ್ರತಿ ಬರಹಕ್ಕೂ ಕರ್ನಲ್ ಮೂಲಕ ಹೋಗುವ ಖರ್ಚು ಇದೆ ನಿಜ. ಆದರೆ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಐ/ಒ ಬರಹ ಕಾರ್ಡಿನಿಂದ ಉತ್ತರ ಬರುವವರೆಗೂ ಪ್ರೊಸೆಸರನ್ನು ಕಾಯಿಸುತ್ತದೆ, ಹಾಗಾಗಿ ನೇರ ಔಟ್‌ಬಿ ಕೂಡ ಮೈಕ್ರೊಸೆಕೆಂಡಿನ ಆಸುಪಾಸಿಗಿಂತ ವೇಗವಾಗಿ ಓಡುವುದಿಲ್ಲ. ಪಂಪಿಗೂ ಮಳೆಮಾಪಕಕ್ಕೂ ಈ ವ್ಯತ್ಯಾಸದಿಂದ ಏನೂ ಆಗಬೇಕಾದ್ದಿಲ್ಲ.

ವಿಂಡೋಸ್ ಬಗ್ಗೆ ಚುಟುಕಾಗಿ: 95, 98ರ ಕಾಲದಲ್ಲಿ ಯಾವ ಪ್ರೋಗ್ರಾಮ್ ಬೇಕಾದರೂ ಪೋರ್ಟ್ ಮುಟ್ಟಬಹುದಿತ್ತು, ಎನ್‌ಟಿ, ಎಕ್ಸ್‌ಪಿಯಿಂದ ಈಚೆಗೆ ಇಲ್ಲ. ಪೋರ್ಟಿಗೆ ದಾರಿ ಮಾಡಿಕೊಡುವ ಇನ್‌ಪ್‌ಔಟ್ ಲೈಬ್ರರಿ ಬೇಕು, 64 ಬಿಟ್‌ಗೆ ಅದರ 64 ಬಿಟ್ ಆವೃತ್ತಿಯೇ ಬೇಕು, ಮೊದಲ ಸಲ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಬೇಕು. ವಿಂಡೋಸ್ 11ರ ಮೆಮೊರಿ ಇಂಟೆಗ್ರಿಟಿ ಇಂಥ ಹಳೆಯ ಬಗೆಯ ಡ್ರೈವರ್‌ಗಳನ್ನು ತಡೆಯುವುದುಂಟು. ಒಂದು ರಿಲೇಗೋಸ್ಕರ ಆ ರಕ್ಷಣೆ ತೆಗೆದುಹಾಕುವುದು ಬುದ್ಧಿವಂತಿಕೆಯಲ್ಲ.

ಪಿನ್ನುಗಳು, ತಲೆಕೆಳಗಾದ ಬಿಟ್‌ಗಳು

25 ಪಿನ್ನಿನ ಹೆಣ್ಣು ಕನೆಕ್ಟರ್. (ಹಳೆಯ ಕಂಪ್ಯೂಟರಿನ ಹಿಂದೆ 25 ಪಿನ್ನಿನ ಗಂಡು ಕನೆಕ್ಟರ್ ಇದ್ದರೆ ಅದು ಸೀರಿಯಲ್, ಅದರಲ್ಲಿ 12 ವೋಲ್ಟ್ ಆಸುಪಾಸು ಮೇಲಕ್ಕೂ ಕೆಳಕ್ಕೂ ಓಡಾಡುತ್ತದೆ, ದೂರ ಇರಿ.) 2ರಿಂದ 9 ಡೇಟಾ, 18ರಿಂದ 25 ಗ್ರೌಂಡ್. ಇನ್‌ಪುಟ್‌ಗಳು 10, 11, 12, 13, 15: ಸ್ಟೇಟಸ್ ರಿಜಿಸ್ಟರಿನಲ್ಲಿ ಕ್ರಮವಾಗಿ 64, 128, 32, 16, 8ರ ಬಿಟ್‌ಗಳು. ಕಂಟ್ರೋಲ್ ಗೆರೆಗಳು 1, 14, 16, 17: ಬಿಟ್ ಬೆಲೆ 1, 2, 4, 8.

11ನೇ ಪಿನ್ ತಲೆಕೆಳಗು: ಪಿನ್ನಿನಲ್ಲಿ ವೋಲ್ಟೇಜ್ ಇದ್ದರೆ 128ರ ಬಿಟ್ ಸೊನ್ನೆ. ಕಂಟ್ರೋಲ್‌ನಲ್ಲಿ 1, 14, 17 ತಲೆಕೆಳಗು, 16 ಮಾತ್ರ ನೆಟ್ಟಗೆ. ಪ್ರತಿ ಸಲ ಯೋಚಿಸುವ ಬದಲು, ಓದಿದ ಸ್ಟೇಟಸನ್ನು 128ರ ಜೊತೆಗೂ ಬರೆಯುವ ಕಂಟ್ರೋಲನ್ನು 11ರ ಜೊತೆಗೂ ಎಕ್ಸ್‌ಆರ್ (ಆ ಬಿಟ್‌ಗಳನ್ನು ಮಾತ್ರ ತಿರುಗಿಸುವ ಲೆಕ್ಕ) ಮಾಡುವ ಎರಡು ಸಣ್ಣ ಫಂಕ್ಷನ್ ಬರೆದಿಟ್ಟರೆ ಮುಂದಿನ ಪ್ರೋಗ್ರಾಮಿನಲ್ಲಿ ಪಿನ್ನಿನಲ್ಲಿ ಕಂಡದ್ದೇ ಬಿಟ್‌ನಲ್ಲೂ ಕಾಣುತ್ತದೆ. ಡೇಟಾದ 8 ಬಿಟ್‌ಗಳೂ ಒಟ್ಟಿಗೇ ಬರೆಯಲ್ಪಡುವುದರಿಂದ ಕೊನೆಗೆ ಬರೆದ ಬೆಲೆಯನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಬೇಕಾದ ಬಿಟ್ ಮಾತ್ರ ಬದಲಿಸಿ ಬರೆಯಿರಿ. ಇಲ್ಲದಿದ್ದರೆ ವಾಲ್ವ್ ತೆರೆಯಲು ಹೋಗಿ ಪಂಪು ನಿಲ್ಲುತ್ತದೆ.

ಈ ಪೋರ್ಟಿನಲ್ಲಿ ವಿದ್ಯುತ್ ಕೊಡುವ ಪಿನ್ ಇಲ್ಲ. ರಿಲೇಗೆ ಬೇಕಾದ 12 ವೋಲ್ಟಿಗೆ ಬೇರೆ ಅಡಾಪ್ಟರ್ ಇಡಲೇಬೇಕು. ಡೇಟಾ ಪಿನ್ ಏರಿದಾಗ ಈ ಕಾರ್ಡಿನಲ್ಲಿ ಸಿಗುವುದು 3.3 ವೋಲ್ಟ್ ಹತ್ತಿರ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ 3.3 ಮತ್ತು 12 ವೋಲ್ಟ್ ಮಾತ್ರ ಇದೆ, 5 ಇಲ್ಲ. 5 ವೋಲ್ಟ್ ಎಂದುಕೊಂಡು ಮಾಡಿದ ಹಳೆಯ ಸರ್ಕ್ಯೂಟುಗಳು ಎಡವುವುದು ಇಲ್ಲಿ. ಕರೆಂಟಿನ ವಿಷಯಕ್ಕೆ ಬಂದರೆ, ಮೂಲ ಐಬಿಎಂ ಪಿಸಿಯ ಪೋರ್ಟಿನಲ್ಲಿದ್ದ 74ಎಲ್‌ಎಸ್374 ಚಿಪ್ಪೇ ಹೊರಗೆ ಕೊಡುತ್ತಿದ್ದದ್ದು 2.6 ಮಿಲಿಆಂಪ್, ಒಳಗೆ ಎಳೆದುಕೊಳ್ಳುತ್ತಿದ್ದದ್ದು 24. ಈಗಿನ ಚಿಪ್ಪಿನಿಂದಲೂ ಒಂದೆರಡು ಮಿಲಿಆಂಪ್ ಮೀರಿ ಕೇಳದ ಹಾಗೆ ಸರ್ಕ್ಯೂಟ್ ಮಾಡುವುದು ಕ್ಷೇಮ.

ಅದಕ್ಕೆ ಒಳ್ಳೆಯ ಜೊತೆಗಾರ ಯುಎಲ್‌ಎನ್2803. ಸಣ್ಣ ಕರೆಂಟಿನಿಂದ ದೊಡ್ಡದನ್ನು ನಡೆಸುವ 8 ಡಾರ್ಲಿಂಗ್ಟನ್ ಜೋಡಿ (ಒಂದರ ಹಿಂದೊಂದು ಎರಡು ಟ್ರಾನ್ಸಿಸ್ಟರ್), 1ರಿಂದ 8 ಇನ್‌ಪುಟ್, ಎದುರಿಗೆ 18ರಿಂದ 11 ಔಟ್‌ಪುಟ್, 9 ಗ್ರೌಂಡ್, 10 ಕಾಮನ್. ಒಳಗೇ 2.7 ಕಿಲೊಓಮ್ ರೆಸಿಸ್ಟರ್ ಇರುವುದರಿಂದ ಪೋರ್ಟಿನ ಪಿನ್ನನ್ನು ನೇರವಾಗಿ ಕೊಡಬಹುದು, 3.3 ವೋಲ್ಟಿಗೂ ಸಾಮಾನ್ಯ ರಿಲೇ ಎಳೆಯುತ್ತದೆ. 10ನೇ ಪಿನ್ನನ್ನು 12 ವೋಲ್ಟಿಗೆ ಕೊಡುವುದು ಮರೆತರೆ ಕಾಯಿಲ್ ಆಫ್ ಆಗುವಾಗಿನ ಹೊಡೆತ ತಡೆಯುವವರಿಲ್ಲದೆ ಚಿಪ್ ಸಾಯುತ್ತದೆ. ರಿಲೇ 12 ವೋಲ್ಟಿನದ್ದೇ ತನ್ನಿ, 400 ಓಮ್ ಕಾಯಿಲ್ ಆದರೆ 30 ಮಿಲಿಆಂಪ್ ಎಳೆಯುತ್ತದೆ. ಡಾರ್ಲಿಂಗ್ಟನ್ನಿನಲ್ಲಿ ಒಂದು ವೋಲ್ಟಿನಷ್ಟು ಉಳಿದುಬಿಡುವುದರಿಂದ 5 ವೋಲ್ಟ್ ರಿಲೇಗೆ 4 ವೋಲ್ಟ್ ಮಾತ್ರ ಸಿಕ್ಕಿ, ಒಮ್ಮೆ ಎಳೆದು ಇನ್ನೊಮ್ಮೆ ಎಳೆಯದೆ ಸತಾಯಿಸುತ್ತದೆ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ಆನ್‌ಲೈನಿನಲ್ಲೂ ಸಿಗುವ ನೀಲಿ ರಿಲೇಯ ರೆಡಿಮೇಡ್ ಬೋರ್ಡುಗಳನ್ನು ಈ ಕೆಲಸಕ್ಕೆ ತರಬೇಡಿ ಅನ್ನುವುದು ನಮ್ಮ ಸಲಹೆ. ಅವುಗಳಲ್ಲಿ ಬಹುಪಾಲು ಇನ್‌ಪುಟ್ ಸೊನ್ನೆಯಾದಾಗ ರಿಲೇ ಎಳೆಯುವ ಬಗೆಯವು. ಪೋರ್ಟು ಸಾಮಾನ್ಯವಾಗಿ ಏಳುವುದು ಡೇಟಾ ಎಲ್ಲ ಸೊನ್ನೆಯಾಗಿ. ಅಂದರೆ ಕಂಪ್ಯೂಟರ್ ಆನ್ ಆಯಿತೆಂದರೆ ಎಂಟೂ ರಿಲೇ ಆನ್.

ಬೂಟ್ ಆಗುವಾಗಿನ ಟಕ್-ಟಕ್

ಯುಎಲ್‌ಎನ್2803 ಹಾಕಿದರೂ ಕಾಟ ಪೂರ್ತಿ ತಪ್ಪುವುದಿಲ್ಲ. ಲಿನಕ್ಸ್‌ನ ಪ್ಯಾರಲಲ್ ಪೋರ್ಟ್ ಡ್ರೈವರ್ ಏಳುವಾಗ ಅಲ್ಲಿ ನಿಜವಾಗಿ ಪೋರ್ಟ್ ಇದೆಯೇ ಎಂದು ನೋಡಲು ಡೇಟಾಕ್ಕೆ 170, ಆಮೇಲೆ 85 ಬರೆದು ಓದುತ್ತದೆ. ಒಂದು ಬಿಟ್ ಬಿಟ್ಟು ಒಂದು ಬಿಟ್. ಆಮೇಲೆ ಆಚೆ ಪ್ರಿಂಟರ್ ಇದೆಯೇ, ಅದರ ಹೆಸರೇನು ಎಂದು ವಿಚಾರಿಸುತ್ತದೆ. ಈ ಹೊತ್ತಿನಲ್ಲಿ ಬಿಟ್ ಏರಿದ್ದು ಕ್ಷಣಮಾತ್ರವಾದರೂ, ಬೂಟ್ ಅರ್ಧದಲ್ಲಿ ನಿಂತರೆ ಅದು ಯಾವ ಸ್ಥಿತಿಯಲ್ಲಿ ನಿಲ್ಲುತ್ತದೆಂದು ಹೇಳಲಾಗದು. ಕರೆಂಟ್ ದಿನಕ್ಕೆ ನಾಲ್ಕು ಸಲ ಹೋಗಿ ಬರುವ ಊರಿನಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಉಪಾಯ ಹಳೆಯದು, ಸಿಎನ್‌ಸಿ (ಕಂಪ್ಯೂಟರಿನಿಂದ ನಡೆಯುವ ಕೊರೆಯುವ-ಕತ್ತರಿಸುವ) ಯಂತ್ರ ನಡೆಸುವ ಲಿನಕ್ಸ್‌ಸಿಎನ್‌ಸಿ ಬಳಸುವವರಿಗೆ ಚಾರ್ಜ್ ಪಂಪ್ ಎಂದು ಪರಿಚಯ. ಒಂದು ಡೇಟಾ ಗೆರೆಯನ್ನು (9ನೇ ಪಿನ್, 128ರ ಬಿಟ್) ಪ್ರೋಗ್ರಾಮ್ ಜೀವಂತ ಇರುವಷ್ಟು ಹೊತ್ತೂ ಮಿಲಿಸೆಕೆಂಡಿಗೊಮ್ಮೆ ಮೇಲೆ-ಕೆಳಗೆ ಆಡಿಸುತ್ತಿರಬೇಕು. ಆ ಪಿನ್ನಿನಿಂದ 1 ಮೈಕ್ರೊಫ್ಯಾರಡ್ ಕೆಪಾಸಿಟರ್, ಅದರಾಚೆ ಎರಡು 1ಎನ್4148 ಡಯೋಡ್: ಒಂದು ಗ್ರೌಂಡಿನಿಂದ ಮೇಲಕ್ಕೆ, ಇನ್ನೊಂದು ಮುಂದಕ್ಕೆ. ಮುಂದೆ 10 ಮೈಕ್ರೊಫ್ಯಾರಡ್ ಸಂಗ್ರಹ ಕೆಪಾಸಿಟರ್, ಅದಕ್ಕೆ ಅಡ್ಡಲಾಗಿ 100 ಕಿಲೊಓಮ್. ಅಲ್ಲಿಂದ 22 ಕಿಲೊಓಮ್ ಮೂಲಕ ಡಾರ್ಲಿಂಗ್ಟನ್ ಮಾಡಿದ ಎರಡು ಬಿಸಿ547 ಟ್ರಾನ್ಸಿಸ್ಟರ್. ಅವು ಎಳೆಯುವುದು ಒಂದು ಮಾಸ್ಟರ್ ರಿಲೇಯನ್ನು, ಅದರ ಕಾಯಿಲಿಗೆ ಅಡ್ಡಲಾಗಿ ಒಂದು 1ಎನ್4007. ಉಳಿದ ರಿಲೇಗಳಿಗೆಲ್ಲ 12 ವೋಲ್ಟ್ ಹೋಗುವುದು ಈ ಮಾಸ್ಟರಿನ ಕಾಂಟ್ಯಾಕ್ಟ್ ಮೂಲಕ.

ಲೆಕ್ಕ ಹೀಗೆ: 3.3 ವೋಲ್ಟಿನಲ್ಲಿ ಎರಡು ಡಯೋಡಿಗೆ 1.2 ಹೋದರೆ ಸಂಗ್ರಹದಲ್ಲಿ ಹೆಚ್ಚೆಂದರೆ 2.1 ವೋಲ್ಟ್. ಒಂದು ಪಲ್ಸಿಗೆ ಏರುವುದು 0.2 ವೋಲ್ಟಿಗಿಂತ ಸ್ವಲ್ಪ ಕಡಿಮೆ, ಅದೂ ಮೇಲೇರಿದಂತೆ ಕಡಿಮೆಯಾಗುತ್ತ ಹೋಗುತ್ತದೆ. ಡಾರ್ಲಿಂಗ್ಟನ್ ಬಾಯಿ ತೆರೆಯುವ 1.2-1.4 ವೋಲ್ಟ್ ಮುಟ್ಟಲು ಹತ್ತು ಹನ್ನೆರಡು ಪಲ್ಸ್ ಒಂದರ ಹಿಂದೊಂದು ಬೇಕು. ಡ್ರೈವರ್ ವಿಚಾರಣೆಯ ಒಂದೆರಡು ಏರಿಳಿತಕ್ಕೆ ಅದು ಜಗ್ಗುವುದಿಲ್ಲ. ಪ್ರೋಗ್ರಾಮ್ ಸತ್ತರೆ ಸುಮಾರು ಅರ್ಧ ಸೆಕೆಂಡಿನಲ್ಲಿ ಮಾಸ್ಟರ್ ಬಿದ್ದು ಎಲ್ಲವೂ ಆಫ್. ಲಿನಕ್ಸ್ ಮಧ್ಯೆ ಕೆಲವು ಮಿಲಿಸೆಕೆಂಡ್ ತಡವರಿಸಿದರೂ ಸಂಗ್ರಹ ಹಿಡಿದಿಡುತ್ತದೆ. ಪಲ್ಸ್ ಆಡಿಸುವ ಕೆಲಸವನ್ನು ಬೇರೆ ಥ್ರೆಡ್‌ಗೆ ಕೊಡಬೇಡಿ. ಮುಖ್ಯ ಲೂಪ್ ಸಿಕ್ಕಿಕೊಂಡರೂ ಆ ಥ್ರೆಡ್ ಪಲ್ಸ್ ಕೊಡುತ್ತಲೇ ಇದ್ದರೆ ಇಷ್ಟೆಲ್ಲ ಮಾಡಿದ್ದು ದಂಡ.

ಮಳೆಮಾಪಕ ಜೋಡಿಸುವಾಗ

ತೂಗುಬಟ್ಟಲಿನ ಮಳೆಮಾಪಕದಲ್ಲಿ ಬಟ್ಟಲು ಮಗುಚಿದಾಗಲೆಲ್ಲ ಒಂದು ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಕೂಡುವಂಥದ್ದು) ಕ್ಷಣಕಾಲ ಕೂಡುತ್ತದೆ. ಮಾರುಕಟ್ಟೆಯಲ್ಲಿ 0.2 ಮಿಲಿಮೀಟರಿನದ್ದೂ ಇಂಚಿನ ನೂರನೇ ಒಂದರದ್ದೂ ಸಿಗುತ್ತವೆ. ನಮ್ಮ ಕಡೆಗೆ ಎರಡನೆಯದೇ ಒಪ್ಪುವುದು: ಒಂದು ಮಗುಚು ಅಂದರೆ ಒಂದು ಸೆಂಟು, ಭಾಗಾಕಾರದ ಗೋಜಿಲ್ಲ. 0.2ರದ್ದು ತಂದರೆ ಇಂಚಿಗೆ 127 ಮಗುಚು.

ಆಫೀಸಿನಿಂದ ಬಯಲಿಗೆ ಎಳೆದ ತಂತಿಯನ್ನು ಪೋರ್ಟಿಗೆ ನೇರ ಜೋಡಿಸಲೇಬೇಡಿ. ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ಆ ತಂತಿಯೇ ಆಂಟೆನಾ. ಪಿಸಿ817 ಆಪ್ಟೊಕಪ್ಲರ್ (ತಂತಿ ಸಂಪರ್ಕವಿಲ್ಲದೆ ಬೆಳಕಿನಿಂದ ಸಂಕೇತ ದಾಟಿಸುವ ಚಿಪ್) ನಡುವೆ ಇರಲಿ. ಬಯಲಿನ ಕಡೆ ಬೇರೆಯೇ 12 ವೋಲ್ಟ್ ಅಡಾಪ್ಟರ್, 2.2 ಕಿಲೊಓಮ್, ರೀಡ್ ಸ್ವಿಚ್, ಆಪ್ಟೊದ ಎಲ್‌ಇಡಿ, ಎಲ್ಲವೂ ಒಂದೇ ಸಾಲಿನಲ್ಲಿ. ಹರಿಯುವುದು 5 ಮಿಲಿಆಂಪ್ ಹತ್ತಿರ. ರಿಲೇಯ ಅಡಾಪ್ಟರನ್ನೇ ಇದಕ್ಕೂ ಕೊಟ್ಟರೆ ಗ್ರೌಂಡ್ ಒಂದಾಗಿ ಆಪ್ಟೊ ಹಾಕಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಕಂಪ್ಯೂಟರ್ ಕಡೆ ಎಮಿಟರ್ ಗ್ರೌಂಡಿಗೆ, ಕಲೆಕ್ಟರ್ 10ನೇ ಪಿನ್ನಿಗೆ. ಪುಲ್‌ಅಪ್‌ಗೆ ವೋಲ್ಟೇಜ್ ಎಲ್ಲಿಂದ ಎಂದರೆ, 8ನೇ ಪಿನ್ನನ್ನು (64ರ ಬಿಟ್) ಸದಾ ಏರಿಸಿಟ್ಟು ಅಲ್ಲಿಂದ 10ಕ್ಕೆ 4.7 ಕಿಲೊಓಮ್ ಹಾಕಿ. ಚಿಪ್ಪಿನದ್ದೇ 3.3 ವೋಲ್ಟ್ ಆದ್ದರಿಂದ 5 ವೋಲ್ಟ್ ತಡೆಯುತ್ತದೋ ಇಲ್ಲವೋ ಎಂಬ ಪ್ರಶ್ನೆಯೇ ಬರುವುದಿಲ್ಲ. ಆಪ್ಟೊ ಸಿಡಿಲು ನೇರ ಹೊಡೆದರೆ ಉಳಿಸುವುದಿಲ್ಲ. ದೊಡ್ಡ ಗುಡುಗಿನ ಹೊತ್ತಿನಲ್ಲಿ ಕನೆಕ್ಟರ್ ಎಳೆದಿಡುವುದೇ ಒಳ್ಳೆಯದು.

10ನೇ ಪಿನ್ನಿನಿಂದ ಇಂಟರಪ್ಟ್ (ಪ್ರೊಸೆಸರನ್ನು ತಟ್ಟಿ ಕರೆಯುವ ಸೂಚನೆ) ಎಬ್ಬಿಸಬಹುದು, ಕಂಟ್ರೋಲ್‌ನ 16ರ ಬಿಟ್ ಅದಕ್ಕೇ ಇದೆ. ಆದರೆ ಬೇಡ. ಗಂಟೆಗೆ 4 ಇಂಚು ಹೊಯ್ದರೂ 400 ಮಗುಚು, 9 ಸೆಕೆಂಡಿಗೊಂದು. 5 ಮಿಲಿಸೆಕೆಂಡಿಗೊಮ್ಮೆ ಸ್ಟೇಟಸ್ ಓದಿ 64ರ ಬಿಟ್ ಸೊನ್ನೆಯಾಯಿತೇ ನೋಡಿದರೆ ಧಾರಾಳ. ರೀಡ್ ಸ್ವಿಚ್ ಕೂಡುವಾಗ ಪುಟಿಯುತ್ತದೆ, ಹಾಗಾಗಿ ಒಂದು ಮಗುಚು ಎಣಿಸಿದ ಮೇಲೆ ಅದು ಬಿಟ್ಟುಕೊಂಡು 50 ಮಿಲಿಸೆಕೆಂಡ್ ಸುಮ್ಮನಿದ್ದರೆ ಮಾತ್ರ ಮುಂದಿನದನ್ನು ಎಣಿಸಿ. ಜಡಿಮಳೆಯಲ್ಲಿ ಬಟ್ಟಲು ಮಗುಚುವ ಹೊತ್ತಿಗೇ ನೀರು ಚೆಲ್ಲಿ ಲೆಕ್ಕ ಕಡಿಮೆ ಬರುತ್ತದೆ. ಇದು ಮಾಪಕದ ಗುಣ, ಕಾರ್ಡಿನ ತಪ್ಪಲ್ಲ. ಬೆಳಗ್ಗೆ 8.30ಕ್ಕೆ ಅಳೆಯುವ ಹಳೆಯ ಕೈಮಾಪಕವನ್ನು ತೆಗೆದುಹಾಕದೆ ಎರಡನ್ನೂ ಹೋಲಿಸುತ್ತಿರಿ.

ಮಳೆಗಾಲದಲ್ಲಿ ಕಾರ್ಡಿಗಿಂತ ಮೊದಲು ಕೈಕೊಡುವುದು ಕನೆಕ್ಟರ್. ಕಮ್ಮಿ ಬೆಲೆಯ 25 ಪಿನ್ನಿನ ಕನೆಕ್ಟರಿನ ಪಿನ್ನುಗಳು ಆಗಸ್ಟ್ ಹೊತ್ತಿಗೆ ಹಸಿರು ತಿರುಗಿರುತ್ತವೆ. ಚಿನ್ನದ ಲೇಪ ಇರುವುದನ್ನು ಹಾಕಿ, ಎರಡು ಬದಿಯ ಸ್ಕ್ರೂ ಬಿಗಿ ಮಾಡಿ. ತಿಂಗಳುಗಟ್ಟಲೆ ಆಫ್ ಇದ್ದ ಕಂಪ್ಯೂಟರಿನಲ್ಲಿ ಕಾರ್ಡ್ ಕಾಣಿಸದಿದ್ದರೆ ಹೊರತೆಗೆದು ಅಂಚಿನ ಚಿನ್ನದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿ.

ಇದರ ಬದಲು ಬೇರೇನು?

ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಕೇಬಲ್ ಸಿಗುತ್ತದಲ್ಲ, ಸ್ಲಾಟಿನ ರಗಳೆಯೇ ಬೇಡ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಈ ಕೆಲಸಕ್ಕೆ ಅದು ಶುದ್ಧ ದಂಡ. ಅದು ಕಂಪ್ಯೂಟರಿಗೆ ಕಾಣಿಸುವುದು ಯುಎಸ್‌ಬಿ ಪ್ರಿಂಟರಾಗಿ. ಐ/ಒ ವಿಳಾಸವೂ ಇಲ್ಲ, ಒಂದೊಂದು ಗೆರೆಯ ಮೇಲೆ ಹಿಡಿತವೂ ಇಲ್ಲ. ನೀವು ಕಳಿಸಿದ ಬೈಟನ್ನು ಅದು ಸ್ಟ್ರೋಬ್ (ಬೈಟ್ ಬಂದಿದೆ ಎಂಬ ಸೂಚನೆ) ಕೊಟ್ಟು, ಆಚೆ ಕಡೆಯಿಂದ ಉತ್ತರ ಬಂದರೆ ಮಾತ್ರ ಮುಂದುವರಿಯುತ್ತದೆ.

ಕಾರ್ಡ್ ತರುವ ಮೊದಲು ಕ್ಯಾಬಿನೆಟ್ ಬಿಚ್ಚಿ ಮದರ್‌ಬೋರ್ಡ್ ನೋಡುವುದು ಲಾಭ. ಹಿಂದೆ ಕನೆಕ್ಟರ್ ಇಲ್ಲದಿದ್ದರೂ ಒಳಗೆ ಎಲ್‌ಪಿಟಿ ಎಂದು ಬರೆದ ಎರಡು ಸಾಲಿನ ಪಿನ್ನುಗಳು, ಒಂದು ಪಿನ್ ಇಲ್ಲದ 26ರ ಜಾಗ, ಎಷ್ಟೋ ಬೋರ್ಡುಗಳಲ್ಲಿ ಇರುತ್ತವೆ. ಅದಕ್ಕೆ ಬೇಕಾದ್ದು ಬ್ರಾಕೆಟ್ ಇರುವ ರಿಬ್ಬನ್ ಕೇಬಲ್ ಮಾತ್ರ, ಬಯೋಸ್‌ನಲ್ಲಿ ಆನ್ ಮಾಡಿದರೆ ವಿಳಾಸ ಅದೇ ಹಳೆಯ 378. ಈ ಪಿನ್ನುಗಳ ಸಾಲು (ಹೆಡರ್) ಇದ್ದವರು ಈ ಕಾರ್ಡಿಗೆ ದುಡ್ಡು ಹಾಕಬೇಕಾಗಿಲ್ಲ. ಪೂರಾ ಹೊಸದಾಗಿ ಶುರುಮಾಡುವವರಿಗಂತೂ ಸಣ್ಣ ಮೈಕ್ರೊಕಂಟ್ರೋಲರ್ ಬೋರ್ಡೇ ಲೇಸು. ಕಾರ್ಡ್ ಬೇಕಾದ್ದು ಹಳೆಯ ಪ್ರೋಗ್ರಾಮ್ ಇಟ್ಟುಕೊಂಡವರಿಗೆ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಬಿಡದವರಿಗೆ, ಪೋರ್ಟ್ ಕಲಿಯಬೇಕೆನ್ನುವ ಮಕ್ಕಳಿಗೆ. ಐದರಲ್ಲಿ ಮೂರೂವರೆ ಕೊಡುತ್ತೇವೆ. ವಿಳಾಸದ ಬಗ್ಗೆ ಡಬ್ಬಿಯಲ್ಲಿ ಅರ್ಧ ಪುಟ ಬರೆದು ಇಟ್ಟಿದ್ದರೆ ನಾಲ್ಕು.

ಪಂಪಿನ ಸ್ಟಾರ್ಟರಿಗೆ ಜೋಡಿಸುವವರಿಗೆ ಇಷ್ಟು: ರಿಲೇ ಕಾಂಟ್ಯಾಕ್ಟ್ ಮೋಟರಿನ ಕರೆಂಟ್ ಹೊರಬಾರದು, ಸ್ಟಾರ್ಟರಿನ ಕಾಯಿಲನ್ನಷ್ಟೇ ನಡೆಸಬೇಕು. ಒಂದು ರಿಲೇಯ ಕಾಂಟ್ಯಾಕ್ಟ್ ಸ್ಟಾರ್ಟ್ ಬಟನ್ನಿಗೆ ಅಡ್ಡಲಾಗಿ, ಒಂದು ಸೆಕೆಂಡ್ ಮಾತ್ರ ಕೂಡಿಸಿ ಬಿಡಿ. ಇನ್ನೊಂದರ ಕಾಂಟ್ಯಾಕ್ಟ್ ಸ್ಟಾಪ್ ಬಟನ್ನಿನ ಸಾಲಿನಲ್ಲಿ, ರಿಲೇ ಎಳೆದಿರುವಾಗ ಮಾತ್ರ ಕೂಡಿರುವ ಬದಿಯಲ್ಲಿ. ಮಾಸ್ಟರ್ ಬಿದ್ದರೆ ಇದೂ ಬಿಡುತ್ತದೆ, ಪಂಪು ನಿಲ್ಲುತ್ತದೆ. ಓವರ್‌ಲೋಡ್ ರಿಲೇಯನ್ನೂ ಸಿಂಗಲ್ ಫೇಸ್ ಪ್ರಿವೆಂಟರನ್ನೂ (ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವಂಥದ್ದು) ಮುಟ್ಟಬೇಡಿ. ತ್ರೀ ಫೇಸ್ ಸ್ಟಾರ್ಟರುಗಳಲ್ಲಿ ಕಾಯಿಲ್ 415 ವೋಲ್ಟಿನದ್ದಾಗಿರುವುದು ಸಾಮಾನ್ಯ. ಸಣ್ಣ ರಿಲೇಯ ಮೇಲೆ ಬರೆದಿರುವುದು 250 ವೋಲ್ಟ್. ಕಾಯಿಲಿನ ಮೇಲಿನ ಅಕ್ಷರ ಓದಿ; 415 ಎಂದಿದ್ದರೆ ಸ್ಟಾರ್ಟ್‌ಗೊಂದು, ಸ್ಟಾಪ್‌ಗೊಂದು 240 ವೋಲ್ಟ್ ಕಾಯಿಲಿನ ಚಿಕ್ಕ ಕಾಂಟ್ಯಾಕ್ಟರ್ ಇಟ್ಟು, ಅವುಗಳ ಕಾಯಿಲಿಗೆ ಅಡ್ಡಲಾಗಿ 0.1 ಮೈಕ್ರೊಫ್ಯಾರಡ್ ಎಕ್ಸ್2 ಕೆಪಾಸಿಟರ್ ಮತ್ತು 100 ಓಮ್ ಸರಣಿಯಲ್ಲಿ ಹಾಕಿಸಿ. ಇದಿಲ್ಲದಿದ್ದರೆ ಕಾಂಟ್ಯಾಕ್ಟರ್ ಬಿಡುವಾಗಿನ ಕಿಡಿಗೆ ಮಳೆಮಾಪಕದ ಲೆಕ್ಕದಲ್ಲಿ ಮಾರ್ಚ್ ತಿಂಗಳ ಬಿಸಿಲಲ್ಲೂ ಒಂದೆರಡು ಸೆಂಟು ಮಳೆ ಬಂದಿರುತ್ತದೆ. ಸ್ಟಾರ್ಟರ್ ಪೆಟ್ಟಿಗೆಯೊಳಗಿನ ಈ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿನದ್ದು.